ದೋಣಿಯ ತಪಾಸಣೆ ಮತ್ತು ಮೌಲ್ಯನಿರ್ಣಯ: ವಿಮೆ ಮಾಡಿಸುವ ಮುನ್ನ ಕಡಲತೀರದ ಹೆತ್ತವರು ತಿಳಿದಿರಬೇಕಾದುದು

ಜೂನ್ ತಿಂಗಳ ಆರಂಭದಲ್ಲಿ ನಮ್ಮ ಶಾಲೆಗಳು ತೆರೆಯುತ್ತವೆ. ಅದೇ ತಿಂಗಳ 9ರ ನಡುರಾತ್ರಿ ಕೇರಳದ ಕಡಲಿನಲ್ಲಿ ಟ್ರಾಲಿಂಗ್ ನಿಷೇಧ ಜಾರಿಗೆ ಬರುತ್ತದೆ. ಜುಲೈ 31ರವರೆಗಿನ ಈ 52 ದಿನಗಳಲ್ಲಿ ಮಂಜೇಶ್ವರದಿಂದ ಚೆರುವತ್ತೂರಿನವರೆಗೆ ಯಾಂತ್ರೀಕೃತ ಬೋಟುಗಳು ಧಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ ಇಲ್ಲವೇ ದಡ ಸೇರಿ ದುರಸ್ತಿಗೆ ಕಾದಿರುತ್ತವೆ. ಕಡಲತೀರದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಪಾಠ ಹೇಳುವ ನಮ್ಮ ಕೈಗೆ ವಿದ್ಯಾರ್ಥಿಗಳು ಮನೆಯಿಂದ ಕಾಗದಗಳನ್ನು ತಂದುಕೊಡುವುದೂ ಈ ದಿನಗಳಲ್ಲಿಯೇ. 'ಟೀಚರ್, ಇದರಲ್ಲಿ ಏನು ಬರೆದಿದೆ ಎಂದು ಅಪ್ಪ ಕೇಳಿಕೊಂಡು ಬರಲು ಹೇಳಿದ್ದಾರೆ.' ಕಾಗದ ಇಂಗ್ಲಿಷಿನಲ್ಲಿರುತ್ತದೆ, ಕೆಲವೊಮ್ಮೆ ಮಲಯಾಳದಲ್ಲಿ. ಹೆಚ್ಚಿನ ಸಲ ಅದು ಬೋಟಿನ ವಿಮಾ ಪತ್ರ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹೀಗೆ ತಂದ ಕಾಗದವು ವಿಮೆಯ ಹಣವನ್ನು ನಿರಾಕರಿಸಿದ ಪತ್ರವಾಗಿತ್ತು. ಅಳಿವೆಯ ಬಾಯಲ್ಲಿ ಬೋಟು ಮಗುಚಿ ಎಂಜಿನ್ ಹಾಳಾಗಿತ್ತು. ವಿಮಾ ಪತ್ರದಲ್ಲಿ ಹಳೆಯ ಎಂಜಿನ್ನಿನ ಸಂಖ್ಯೆಯಿತ್ತು, ಬೋಟಿನಲ್ಲಿದ್ದುದು ಎರಡು ವರ್ಷದ ಹಿಂದೆ ಬದಲಿಸಿದ ಬೇರೆಯ ಎಂಜಿನ್. ಅರ್ಜಿ ತುಂಬಿದವರು ಮಧ್ಯವರ್ತಿ. ತಂದೆ ಕನ್ನಡದಲ್ಲಿ ಸಹಿ ಹಾಕಿದ್ದರು, ಅಷ್ಟೆ. ಮರುವರ್ಷ ಆ ಹುಡುಗ ಹತ್ತನೆಯ ತರಗತಿಗೆ ಬರಲಿಲ್ಲ, ಬೇರೆಯವರ ಬೋಟಿಗೆ ಹೋದ. ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ನಾವು ಬಿಡಿಬಿಡಿಯಾಗಿ ಹೇಳುತ್ತ ಬಂದ ಮಾತುಗಳನ್ನು ಒಂದೆಡೆ ಬರೆದಿಡಬೇಕೆಂದು ಅನ್ನಿಸಿದ್ದು ಆ ಪತ್ರವನ್ನು ಓದಿದ ಮೇಲೆ.

ಸರ್ವೇಯರ್ ಎಂದರೆ ಯಾರು

ನಮ್ಮ ಊರುಗಳಲ್ಲಿ ಸರ್ವೇಯರ್ ಎಂದೊಡನೆ ಸರಪಳಿ ಹಿಡಿದು ಭೂಮಿ ಅಳೆಯುವ ಸರಕಾರಿ ನೌಕರ ನೆನಪಾಗುತ್ತಾನೆ. ವಿಮೆಯ ಸರ್ವೇಯರ್ ಅವನಲ್ಲ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ನೀಡಿದ ಲೈಸೆನ್ಸ್ ಹೊಂದಿ ವಿಮಾ ನಷ್ಟವನ್ನು ಪರಿಶೀಲಿಸುವ ಸ್ವತಂತ್ರ ತಜ್ಞನಿಗೆ ಈ ಹೆಸರು. ಲೈಸೆನ್ಸಿನಲ್ಲಿ ವಿಭಾಗಗಳಿವೆ: ಬೆಂಕಿ, ಮೋಟಾರು ವಾಹನ, ಎಂಜಿನಿಯರಿಂಗ್, ಸರಕು ಸಾಗಣೆ ಇತ್ಯಾದಿ. ಹಡಗು ಮತ್ತು ದೋಣಿಗಳ ವಿಭಾಗವನ್ನು 'ಮರೈನ್ ಹಲ್' ಎಂದು ಕರೆಯುತ್ತಾರೆ. ಲಾರಿಯ ಅಪಘಾತ ನೋಡಲು ಲೈಸೆನ್ಸ್ ಇರುವವರು ಬೋಟಿನ ತಳವನ್ನು ನೋಡಿ ಬೆಲೆ ಹೇಳಲು ಅರ್ಹರೆಂದು ತಿಳಿಯಬಾರದು. ಲೈಸೆನ್ಸಿನ ಪ್ರತಿಯನ್ನು ತೋರಿಸಿರೆಂದು ಕೇಳುವುದು ಅವಮಾನವಲ್ಲ. ಒಳ್ಳೆಯ ಸರ್ವೇಯರ್ ಕೇಳುವ ಮೊದಲೇ ತೋರಿಸುತ್ತಾರೆ.

ಇಲ್ಲಿ ಎರಡು ಬಗೆಯ ತಪಾಸಣೆಗಳನ್ನು ಬೇರೆಬೇರೆಯಾಗಿ ಗ್ರಹಿಸಬೇಕು. ವಿಮೆಗೆ ಮುಂಚೆ ಬೋಟಿನ ಸ್ಥಿತಿಯನ್ನೂ ಬೆಲೆಯನ್ನೂ ನಿರ್ಣಯಿಸುವುದು ಒಂದು. ಇದರ ಶುಲ್ಕ ಸಾಮಾನ್ಯವಾಗಿ ಮಾಲೀಕನದು. ಅವಘಡದ ನಂತರ ನಷ್ಟ ಎಷ್ಟೆಂದು ನೋಡುವುದು ಇನ್ನೊಂದು; ಆ ಸರ್ವೇಯರನನ್ನು ನೇಮಿಸುವುದೂ ಶುಲ್ಕ ಕೊಡುವುದೂ ವಿಮಾ ಕಂಪನಿ. 1938ರ ವಿಮಾ ಕಾಯಿದೆಯ ಪ್ರಕಾರ ನಿಗದಿತ ಮೊತ್ತವನ್ನು ಮೀರಿದ ನಷ್ಟಕ್ಕೆ ಲೈಸೆನ್ಸ್ ಪಡೆದ ಸರ್ವೇಯರನ ವರದಿ ಬೇಕೇ ಬೇಕು. ಮೊದಲನೆಯ ತಪಾಸಣೆಗೆ ಯಾರ ವರದಿಯನ್ನು ಒಪ್ಪುತ್ತೀರಿ ಎಂದು ವಿಮಾ ಕಂಪನಿಯ ಶಾಖೆಯನ್ನು ಮೊದಲೇ ಕೇಳಿ, ಸಾಧ್ಯವಾದರೆ ಬರಹದಲ್ಲಿ ಉತ್ತರ ಪಡೆಯಬೇಕು. ಶುಲ್ಕ ಕೊಟ್ಟು ವರದಿ ಮಾಡಿಸಿದ ಮೇಲೆ 'ಇವರು ನಮ್ಮ ಪಟ್ಟಿಯಲ್ಲಿಲ್ಲ' ಎಂಬ ಉತ್ತರ ಬಂದರೆ ಹಣವೂ ಹೋಯಿತು, ನಿಷೇಧದ ದಿನಗಳೂ ಹೋದವು.

ಮೀನುಗಾರಿಕೆ ಇಲಾಖೆಯವರು ನೋಂದಣಿಗಾಗಿ ಬೋಟನ್ನು ನೋಡುತ್ತಾರಲ್ಲ, ಅದು ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಆ ಪರಿಶೀಲನೆಯು ಬೋಟಿನ ಗುರುತು, ಅಳತೆ, ಎಂಜಿನ್ನಿನ ಶಕ್ತಿ, ಸುರಕ್ಷಾ ಸಾಮಗ್ರಿ ಇವುಗಳಿಗೆ ಸಂಬಂಧಿಸಿದ್ದು. ಅದರಲ್ಲಿ ಬೆಲೆ ಇರುವುದಿಲ್ಲ.

ಹಡಗನ್ನು ನೋಡಿ ದರ್ಜೆ ಕೊಡುವ ಈ ವೃತ್ತಿ ಹಳೆಯದು. ಲಂಡನ್ನಿನ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಲ್ಲಿ ಸೇರುತ್ತಿದ್ದ ವ್ಯಾಪಾರಿಗಳು 1760ರಲ್ಲಿ ಒಂದು ಸಂಘ ಮಾಡಿಕೊಂಡು, ಹಡಗುಗಳ ಒಡಲಿಗೆ ಇಂಗ್ಲಿಷಿನ ಐದು ಸ್ವರಾಕ್ಷರಗಳಲ್ಲಿ ದರ್ಜೆ ಬರೆದಿಡತೊಡಗಿದರು. ಎ ಎಂದರೆ ಉತ್ತಮ, ಯು ಎಂದರೆ ಕೊನೆಯದು. ಹಗ್ಗ, ಲಂಗರು ಮೊದಲಾದ ಸಾಮಗ್ರಿಗಳಿಗೆ ಬೇರೆ ಗುರುತು. ಮುಂದೆ ಅದಕ್ಕೆ ಅಂಕಿಗಳು ಬಂದವು. ಇಂದು ಮಕ್ಕಳೂ ಆಡುವ 'ಎ ಒನ್' ಎಂಬ ಮಾತು ಹುಟ್ಟಿದ್ದು ಆ ಪುಸ್ತಕದಲ್ಲಿ. ನಮ್ಮ ದೇಶದಲ್ಲಿ ದೊಡ್ಡ ಹಡಗುಗಳಿಗೆ ಇಂತಹ ದರ್ಜೆ ನೀಡುವ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ 1975ರಲ್ಲಿ ಸ್ಥಾಪನೆಯಾಯಿತು. ಸಣ್ಣ ಮೀನುಗಾರಿಕಾ ಬೋಟುಗಳಿಗೆ ಸಾಮಾನ್ಯವಾಗಿ ಸರ್ವೇಯರನ ವರದಿಯೇ ಆಧಾರ.

ತಪಾಸಣೆಯ ದಿನ ನಡೆಯುವುದೇನು

ಬೋಟು ನೀರಿನ ಮೇಲಿರುವಾಗ ನಡೆದ ತಪಾಸಣೆ ಅರ್ಧ ತಪಾಸಣೆ. ತಳವನ್ನು ನೋಡಬೇಕಾದರೆ ಅದು ದಡದ ಮೇಲಿರಬೇಕು. ಹೀಗಾಗಿ ನಿಷೇಧದ ಅವಧಿಯೇ ಪ್ರಶಸ್ತ ಕಾಲ. ಮೇಲೆಳೆದ ಬೋಟಿಗೆ ಹೊಸ ಬಣ್ಣ ಬಳಿಸಿ ಆಮೇಲೆ ಸರ್ವೇಯರನನ್ನು ಕರೆಯುವುದು ನಮ್ಮಲ್ಲಿ ರೂಢಿ. ಹುಡುಗಿ ನೋಡುವ ಶಾಸ್ತ್ರದಂತೆ ಅಲಂಕಾರ ಮಾಡಿ ತೋರಿಸುವ ಈ ಆಸೆ ಸಹಜವಾದರೂ ಪ್ರಯೋಜನವಿಲ್ಲ. ಹೊಸ ಬಣ್ಣದ ಕೆಳಗೆ ಏನನ್ನು ಮುಚ್ಚಿದ್ದಾರೋ ಎಂಬ ಅನುಮಾನ ಮೊದಲು ಹುಟ್ಟುತ್ತದೆ. ಪಾಚಿ, ಚಿಪ್ಪುಗಳನ್ನು ಕೆರೆದು, ತಳವನ್ನು ತೊಳೆದು, ಒಣಗಿಸಿ, ಬಣ್ಣ ಬಳಿಯುವ ಮೊದಲೇ ಕರೆಯುವುದು ಲೇಸು.

ಫೈಬರ್ ಬೋಟಾದರೆ ಸರ್ವೇಯರ್ ಸಣ್ಣ ಸುತ್ತಿಗೆಯಿಂದ ಇಡೀ ಒಡಲನ್ನು ತಟ್ಟುತ್ತ ಹೋಗುತ್ತಾರೆ. ಗಟ್ಟಿ ಇರುವಲ್ಲಿ ಸದ್ದು ಖಣಿಯಾಗಿರುತ್ತದೆ. ಒಳಪದರಗಳು ಬಿಟ್ಟುಕೊಂಡಲ್ಲಿ ಬೊಳ್ಳಾಗಿ, ಮಂದವಾಗಿ ಕೇಳುತ್ತದೆ. ಹಲಸಿನ ಹಣ್ಣನ್ನು ತಟ್ಟಿ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೇಲ್ಪದರದಲ್ಲಿ ಸಣ್ಣ ಬೊಕ್ಕೆಗಳೆದ್ದಿದ್ದರೆ ನೀರು ಒಳಕ್ಕೆ ಇಳಿದಿದೆಯೆಂದು ಅರ್ಥ; ತೇವಾಂಶ ಅಳೆಯುವ ಮಾಪಕವನ್ನು ಅಲ್ಲಲ್ಲಿ ಹಿಡಿದು ನೋಡುತ್ತಾರೆ. ಬೋಟು ನೀರಿನಿಂದ ಮೇಲೆ ಬಂದ ದಿನವೇ ಈ ಮಾಪಕ ಸರಿಯಾದ ಲೆಕ್ಕ ಕೊಡದು. ಒಣಗಲು ಕೆಲವು ದಿನ ಬಿಡಬೇಕೆನ್ನುವುದು ಇದಕ್ಕಾಗಿ, ಮಳೆಗಾಲದಲ್ಲಂತೂ ಮೇಲೊಂದು ಟಾರ್ಪಾಲು ಬೇಕು. ಕೇರಳದ ಕಡಲಿನಲ್ಲಿ ಮರೈನ್ ಪ್ಲೈವುಡ್ಡಿನ ಮೇಲೆ ಫೈಬರ್ ಹೊದೆಸಿದ ದೋಣಿಗಳೂ ಸಾಕಷ್ಟಿವೆ. ಅವುಗಳಲ್ಲಿ ಹೊರಗಿನ ಹೊದಿಕೆ ಚೆನ್ನಾಗಿ ಕಂಡರೂ ಒಳಗಿನ ಮರ ಕೊಳೆತಿರಬಹುದು. ತಿರುಪು ಮೊಳೆಗಳನ್ನು ಹೊಡೆದ ರಂಧ್ರಗಳ ಸುತ್ತ ಹೆಚ್ಚು ಗಮನವಿಡುತ್ತಾರೆ.

ಮರದ ಬೋಟಿನಲ್ಲಿ ಚೂಪಾದ ಸಲಾಕೆಯಿಂದ ಹಲಗೆಗಳನ್ನೂ ತಳದುದ್ದಕ್ಕೆ ಹೋಗುವ ಬೆನ್ನುಮರವನ್ನೂ ಚುಚ್ಚಿ ನೋಡುವುದುಂಟು. ಮರ ಕೊರೆಯುವ ಕಡಲಹುಳು ಹೊರಗೆ ಸೂಜಿಯ ಮೊನೆಯಷ್ಟು ತೂತು ಮಾಡಿ ಒಳಗೆ ಸುರಂಗವನ್ನೇ ತೋಡಿರುತ್ತದೆ. ಹಲಗೆಗಳ ಸಂದಿಗೆ ತುಂಬಿದ ಹತ್ತಿ ಮತ್ತು ಮೇಣ, ತುಕ್ಕು ಹಿಡಿದ ಮೊಳೆ ಮತ್ತು ಬೋಲ್ಟುಗಳು, ಪಕ್ಕೆಲುಬಿನಂತಿರುವ ಅಡ್ಡಮರಗಳು, ಇವೆಲ್ಲ ವರದಿಗೆ ಬರುತ್ತವೆ. ಉಕ್ಕಿನ ಬೋಟಾದರೆ ಶಬ್ದತರಂಗದ ಉಪಕರಣದಿಂದ ತಗಡಿನ ದಪ್ಪ ಅಳೆದು, ಕಟ್ಟುವಾಗ ಇದ್ದ ದಪ್ಪದಲ್ಲಿ ಎಷ್ಟು ತುಕ್ಕಿಗೆ ಹೋಗಿದೆಯೆಂದು ಲೆಕ್ಕ ಹಾಕುತ್ತಾರೆ.

ಒಡಲಿನ ನಂತರ ಎಂಜಿನ್. ತಯಾರಕರ ಹೆಸರು, ಮಾದರಿ, ಅಶ್ವಶಕ್ತಿ, ಕ್ರಮಸಂಖ್ಯೆ ಇವುಗಳನ್ನು ಎಂಜಿನ್ನಿನ ಮೇಲಿನ ತಗಡಿನಿಂದಲೇ ಬರೆದುಕೊಳ್ಳಬೇಕು, ಹಳೆಯ ಕಾಗದದಿಂದ ನಕಲು ಮಾಡಬಾರದು. ಸರ್ವೇಯರ್ ಬರೆದುಕೊಳ್ಳುವಾಗ ಮಾಲೀಕರು ಪಕ್ಕದಲ್ಲಿ ನಿಂತು ಓದಿ ನೋಡಲಿ. ಮೇಲೆ ಹೇಳಿದ ಹುಡುಗನ ಮನೆಯ ನಷ್ಟ ಇಡಿಯಾಗಿ ಈ ಒಂದು ಸಾಲಿನಲ್ಲಿತ್ತು. ಎಣ್ಣೆಯ ಬಣ್ಣ, ಹೊಗೆಯ ಬಣ್ಣ, ತಂಪು ನೀರಿನ ಕೊಳವೆ, ಗೇರ್‌ಬಾಕ್ಸ್, ಶಾಫ್ಟ್ ಹೊರಹೋಗುವ ಕೊಳವೆಯಲ್ಲಿ ನೀರು ಸೋರುತ್ತಿದೆಯೇ, ಪ್ರೊಪೆಲ್ಲರಿನ ಎಲೆಗಳು ಬಾಗಿವೆಯೇ, ಚುಕ್ಕಾಣಿ ಸಡಿಲವಾಗಿದೆಯೇ ಎಂಬುದನ್ನೆಲ್ಲ ನೋಡುತ್ತಾರೆ. ಬೋಟನ್ನು ನೀರಿಗಿಳಿಸಿದ ಮೇಲೆ ಒಂದು ಸುತ್ತು ಓಡಿಸಿ ನೋಡುವುದೂ ಉಂಟು.

ಸುರಕ್ಷಾ ಸಾಮಗ್ರಿಯನ್ನು ನಮ್ಮವರು ಹಗುರವಾಗಿ ಕಾಣುತ್ತಾರೆ. ಬೋಟಿನಲ್ಲಿರುವ ಪ್ರತಿಯೊಬ್ಬನಿಗೂ ಜೀವರಕ್ಷಕ ಜಾಕೆಟು, ತೇಲುವ ಬಳೆ, ಬೆಂಕಿ ಆರಿಸುವ ಸಿಲಿಂಡರು, ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಪಂಪು, ಹಾಯುವಾಗ ಉರಿಸುವ ದೀಪಗಳು, ವಿಎಚ್‌ಎಫ್ ರೇಡಿಯೊ, ಆಪತ್ತಿನ ಸಂದೇಶ ಕಳುಹಿಸುವ ಉಪಕರಣ, ಇವುಗಳ ಎಣಿಕೆ ವರದಿಯಲ್ಲಿರುತ್ತದೆ. ತಪಾಸಣೆಯ ದಿನ ನೆರೆಯ ಬೋಟಿನಿಂದ ಜಾಕೆಟುಗಳನ್ನು ಎರವಲು ತಂದು ಜೋಡಿಸಿಟ್ಟ ಪ್ರಸಂಗವನ್ನು ನಾವೇ ಕಂಡಿದ್ದೇವೆ. ಸರ್ವೇಯರ್ ನಗುತ್ತ ಜಾಕೆಟಿನ ಮೇಲಿದ್ದ ಬೇರೆ ಬೋಟಿನ ಹೆಸರನ್ನು ಗಟ್ಟಿಯಾಗಿ ಓದಿದರು.

ಬೆಲೆ ಕಟ್ಟುವ ಬಗೆ

ಬೋಟಿಗೆ ಒಂದೇ ಬೆಲೆಯೆಂಬುದಿಲ್ಲ. ಇಂದು ಅಂತಹದೇ ಹೊಸ ಬೋಟು ಕಟ್ಟಿಸಲು ತಗಲುವುದು ಮರುನಿರ್ಮಾಣದ ಬೆಲೆ. ಇದೇ ಬೋಟನ್ನು ಇಂದು ಮಾರಿದರೆ ಸಿಗುವುದು ಮಾರುಕಟ್ಟೆ ಬೆಲೆ. ಎರಡರ ನಡುವಿನ ಅಂತರ ಸವಕಳಿ. ಸರ್ವೇಯರ್ ಒಡಲು, ಎಂಜಿನ್, ವಿಂಚ್, ವಿದ್ಯುನ್ಮಾನ ಉಪಕರಣಗಳು ಹೀಗೆ ಬೇರೆಬೇರೆಯಾಗಿ ಬೆಲೆ ಹಾಕುತ್ತಾರೆ, ಏಕೆಂದರೆ ಪ್ರತಿಯೊಂದೂ ಸವೆಯುವ ವೇಗ ಬೇರೆ. ಒಂದೇ ಮೊತ್ತವನ್ನು ಬರೆದು ಮುಗಿಸಿದ ವರದಿಯನ್ನು ಒಪ್ಪಬೇಡಿ. ಬಲೆ ಮತ್ತು ಹಗ್ಗಗಳ ಬೆಲೆ ಕೆಲವೊಮ್ಮೆ ಬೋಟಿನ ಬೆಲೆಗೆ ಸಮೀಪವಿರುತ್ತದೆ, ಆದರೆ ಬೋಟಿನ ವಿಮೆಯಲ್ಲಿ ಬಲೆ ತಾನಾಗಿ ಸೇರುತ್ತದೆಂದು ತಿಳಿಯಬಾರದು. ಸೇರಿದೆಯೇ ಎಂದು ಕೇಳಬೇಕು.

ಬೆಲೆ ಕಟ್ಟಲು ಆಧಾರ ಬೇಕು. ನಮ್ಮ ತೀರದಲ್ಲಿ ಬೋಟಿನ ಕೊಳ್ಳುಕೊಡುಗೆ ಬಹುಮಟ್ಟಿಗೆ ನಂಬಿಕೆಯ ಮೇಲೆ ನಡೆಯುತ್ತದೆ. ಕಾಗದದಲ್ಲಿ ಒಂದು ಮೊತ್ತ, ಕೈಗೆ ಬಂದದ್ದು ಇನ್ನೊಂದು. ದುರಸ್ತಿಯ ಕೂಲಿಗೆ ರಸೀದಿಯಿಲ್ಲ. ಹೀಗಿರುವಾಗ ಐದು ಲಕ್ಷ ಸುರಿದು ಹೊಸದರಂತೆ ಮಾಡಿದ ಬೋಟೂ ಸರ್ವೇಯರನ ಲೆಕ್ಕದಲ್ಲಿ ಹಳೆಯ ಬೋಟಾಗಿಯೇ ಉಳಿಯಬಹುದು. ಎಂಜಿನ್ ಕೊಂಡ ಬಿಲ್ಲು, ಬೋಟು ಕಟ್ಟುವ ಯಾರ್ಡಿನ ರಸೀದಿ, ಉಪಕರಣಗಳ ಗ್ಯಾರಂಟಿ ಕಾರ್ಡು, ಪ್ರತಿವರ್ಷ ಮೇಲೆಳೆದಾಗ ತೆಗೆದ ಫೋಟೋ, ಇವನ್ನು ಒಂದು ಫೈಲಿನಲ್ಲಿ ಇಡುವ ಕೆಲಸವನ್ನು ಹೈಸ್ಕೂಲು ಓದುವ ಮಕ್ಕಳಿಗೆ ವಹಿಸಬಹುದು.

ಪ್ರೀಮಿಯಂ ಉಳಿಸಲು ಬೆಲೆಯನ್ನು ಕಡಿಮೆ ತೋರಿಸುವವರು ಏಳನೆಯ ತರಗತಿಯ ಅನುಪಾತದ ಲೆಕ್ಕವನ್ನೊಮ್ಮೆ ನೆನಪಿಸಿಕೊಳ್ಳಬೇಕು. ಒಂದು ಬೋಟಿನ ಒಡಲು 14 ಲಕ್ಷ, ಎಂಜಿನ್ 8 ಲಕ್ಷ, ಉಳಿದ ಉಪಕರಣ 3 ಲಕ್ಷ, ಒಟ್ಟು 25 ಲಕ್ಷ ರೂಪಾಯಿ ಬೆಲೆಬಾಳುತ್ತದೆ ಎಂದಿಟ್ಟುಕೊಳ್ಳೋಣ. ಮಾಲೀಕರು 15 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದಾರೆ. ಬಂಡೆಗೆ ತಾಗಿ 5 ಲಕ್ಷದ ಹಾನಿಯಾಯಿತು. ಪಾಲಿಸಿಯಲ್ಲಿ ಸರಾಸರಿಯ ಷರತ್ತು ಇದ್ದರೆ ಕಂಪನಿ ಕೊಡುವುದು 5 ಲಕ್ಷವನ್ನಲ್ಲ. 25ಕ್ಕೆ 15 ಇದ್ದಂತೆ 5ಕ್ಕೆ 3. ಆ 3 ಲಕ್ಷದಲ್ಲಿಯೂ ಮಾಲೀಕನೇ ಹೊರಬೇಕಾದ ನಿಗದಿತ ಮೊತ್ತವನ್ನು ಕಳೆಯುತ್ತಾರೆ. ಉಳಿದುದಕ್ಕೆ ಮಾಲೀಕನೇ ತನಗೆ ತಾನು ವಿಮೆಗಾರ.

ಇದಕ್ಕೆ ವಿರುದ್ಧವಾಗಿ, 1963ರ ಸಾಗರ ವಿಮಾ ಕಾಯಿದೆಯಲ್ಲಿ ಒಪ್ಪಿತ ಮೌಲ್ಯದ ಪಾಲಿಸಿಗೆ ಅವಕಾಶವಿದೆ. ಆರಂಭದಲ್ಲಿಯೇ ಎರಡೂ ಕಡೆಯವರು ಬೋಟಿನ ಬೆಲೆಯನ್ನು ಒಪ್ಪಿ ಪತ್ರದಲ್ಲಿ ಬರೆದರೆ, ವಂಚನೆಯಿಲ್ಲದ ಪಕ್ಷದಲ್ಲಿ, ಬೋಟು ಪೂರ್ತಿಯಾಗಿ ಹೋದಾಗ ಕಂಪನಿ ಬೆಲೆಯ ಬಗ್ಗೆ ಮತ್ತೆ ಚೌಕಾಸಿ ಮಾಡುವಂತಿಲ್ಲ. ತಜ್ಞನ ಮೌಲ್ಯನಿರ್ಣಯ ವರದಿಗೆ ನಿಜವಾದ ತೂಕ ಬರುವುದು ಇಲ್ಲಿ. ಪಾಲಿಸಿ ಯಾವ ಬಗೆಯದು ಎಂದು ಕೇಳದೆ ಸಹಿ ಮಾಡಬಾರದು. ಬೆಲೆಯನ್ನು ಏರಿಸಿ ಬರೆಸುವ ಸಲಹೆ ಕೊಡುವವರೂ ಇದ್ದಾರೆ. ಅದು ಪ್ರೀಮಿಯಂ ದಂಡ, ಮೇಲೆ ವಂಚನೆಯ ಆರೋಪಕ್ಕೆ ಬಾಗಿಲು.

ಪೂರ್ಣ ನಷ್ಟಕ್ಕೆ ಮಾತ್ರ ಅನ್ವಯಿಸುವ ಪಾಲಿಸಿ ಅಗ್ಗ. ಭಾಗಶಃ ಹಾನಿಯನ್ನೂ ಒಳಗೊಳ್ಳುವುದು ದುಬಾರಿ. ಅಗ್ಗದ್ದನ್ನು ಕೊಂಡು ಚುಕ್ಕಾಣಿ ಮುರಿದಾಗ ಹಣ ಕೇಳಿ ನಿರಾಶರಾದವರು ನಮ್ಮ ನಡುವೆ ಹಲವರು. ಇನ್ನೊಂದು ಗೊಂದಲವೂ ಇದೆ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಸಾಮೂಹಿಕ ಅಪಘಾತ ವಿಮೆಯು ಮೀನುಗಾರನ ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿಯ ಪರಿಹಾರ ನೀಡುವಂತಹದು. ಅದು ಮನುಷ್ಯನ ವಿಮೆ, ಬೋಟಿನದಲ್ಲ.

ಗಡಿಯವರಿಗೆ ಮಾತ್ರ ಬರುವ ತೊಡಕುಗಳು

ನಮ್ಮ ಬೋಟುಗಳು ಮಂಗಳೂರು, ಮಲ್ಪೆಗಳಿಗೆ ಹೋಗಿ ಮೀನು ಇಳಿಸುತ್ತವೆ. ಅಲ್ಲಿಯ ಹಳೆಯ ಬೋಟುಗಳನ್ನು ನಮ್ಮವರು ಕೊಳ್ಳುತ್ತಾರೆ. ನೋಂದಣಿ ಸಂಖ್ಯೆಯಲ್ಲಿ ಐಎನ್‌ಡಿ ನಂತರ ಕೆಎ ಎಂದಿದ್ದರೆ ಕರ್ನಾಟಕ, ಕೆಎಲ್ ಎಂದಿದ್ದರೆ ಕೇರಳ. ಬೋಟು ಈಚೆಗೆ ಬಂದು ವರ್ಷ ಕಳೆದರೂ ಕಾಗದ ಆಚೆಯ ಮಾಲೀಕರ ಹೆಸರಿನಲ್ಲಿಯೇ ಉಳಿದಿದ್ದರೆ ಸರ್ವೇಯರ್ ಬೆಲೆ ಬರೆಯಬಹುದು, ಆದರೆ ವಿಮೆಯ ಹಣ ಕೇಳುವ ಹಕ್ಕು ಯಾರದೆಂಬ ಪ್ರಶ್ನೆ ಏಳುತ್ತದೆ. ಮೊದಲು ನೋಂದಣಿಯ ವರ್ಗಾವಣೆ, ಆಮೇಲೆ ತಪಾಸಣೆ. ಪಾಲಿಸಿಯಲ್ಲಿ ಮೀನುಗಾರಿಕೆಯ ವ್ಯಾಪ್ತಿಯನ್ನು ಬರೆದಿರುತ್ತಾರೆ. ಎರಡೂ ರಾಜ್ಯಗಳ ಕಡಲು ಅದರಲ್ಲಿ ಬರುತ್ತದೆಯೇ ಎಂದು ನೋಡಿಕೊಳ್ಳಬೇಕು. ನಿಷೇಧದ ದಿನಾಂಕಗಳೂ ಬೇರೆ: ಕರ್ನಾಟಕದಲ್ಲಿ ಜೂನ್ 1ರಿಂದಲೇ 61 ದಿನ. ಬೋಟಿನ ಮೇಲೆ ಬ್ಯಾಂಕಿನ ಸಾಲವಿದ್ದರೆ ವಿಮೆಯ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ, ಮಿಕ್ಕದ್ದು ಮನೆಗೆ.

ಇನ್ನು ಭಾಷೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೆ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ರಾಜ್ಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಮೀನುಗಾರಿಕೆ ಇಲಾಖೆಗೆ ಈ ಮಾತು ಅನ್ವಯಿಸುತ್ತದೆ, ವಿಮಾ ಕಂಪನಿಗೆ ಅನ್ವಯಿಸುವುದಿಲ್ಲ. ಆದರೂ ಪಾಲಿಸಿದಾರರ ಹಿತರಕ್ಷಣೆಯ ನಿಯಮಗಳು ನಮಗೊಂದು ಹಿಡಿ ಕೊಟ್ಟಿವೆ. ಅರ್ಜಿಯನ್ನು ಬೇರೆಯವರು ತುಂಬಿದ್ದರೆ, ಅದರಲ್ಲಿರುವುದನ್ನು ಪೂರ್ತಿಯಾಗಿ ವಿವರಿಸಲಾಗಿದೆ, ಅರ್ಜಿದಾರರು ಅರ್ಥ ಮಾಡಿಕೊಂಡಿದ್ದಾರೆ ಎಂಬ ದೃಢೀಕರಣ ಅರ್ಜಿಯ ಕೊನೆಯಲ್ಲಿರಬೇಕು. ಆ ಸಾಲಿನ ಕೆಳಗೆ ನಮ್ಮವರ ಸಹಿಯನ್ನು ಸದ್ದಿಲ್ಲದೆ ಪಡೆಯುತ್ತಾರೆ. ವಿವರಿಸದೆ ಇದ್ದರೆ ಅಲ್ಲಿ ಸಹಿ ಹಾಕಬಾರದು. ಹಾಕಿದ ಮೇಲೆ 'ನನಗೆ ಗೊತ್ತಿರಲಿಲ್ಲ' ಎಂಬ ಮಾತಿಗೆ ಬೆಲೆಯಿಲ್ಲ. ಅರ್ಜಿಯ ಪ್ರತಿಯನ್ನು ಕೇಳಿ ಪಡೆದು ಮನೆಯಲ್ಲಿಡಿ. ಸಾಗರ ವಿಮೆ ಪರಮ ಪ್ರಾಮಾಣಿಕತೆಯ ಮೇಲೆ ನಿಂತದ್ದು. ಹಳೆಯ ಅವಘಡ, ಎಂಜಿನ್ ಬದಲಾವಣೆ, ಉದ್ದ ಹೆಚ್ಚಿಸಿದ್ದು, ಇವನ್ನು ಮಾಲೀಕನೇ ತಾನಾಗಿ ತಿಳಿಸಬೇಕೆಂದು ಕಾಯಿದೆ ಹೇಳುತ್ತದೆ. ವರ್ಷದ ನಡುವೆ ಎಂಜಿನ್ ಬದಲಿಸಿದರೆ ನೋಂದಣಿ ಕಚೇರಿಗೂ ವಿಮಾ ಶಾಖೆಗೂ ಆ ವಾರವೇ ಬರೆದು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು.

ಸರ್ವೇಯರನ ವರದಿಯಲ್ಲಿ 'ಶಿಫಾರಸುಗಳು' ಎಂಬ ಭಾಗವಿರುತ್ತದೆ. ಇದನ್ನು ಮಾತ್ರ ಯಾರೂ ಓದುವುದಿಲ್ಲ. ಇಂತಿಂತಹ ದುರಸ್ತಿಯನ್ನು ಕಡಲಿಗಿಳಿಯುವ ಮೊದಲು ಮಾಡಬೇಕು ಎಂದು ಬರೆದದ್ದನ್ನು ಮಾಡದೆ ಬಿಟ್ಟು ಅದೇ ಜಾಗದಿಂದ ನೀರು ನುಗ್ಗಿದರೆ, ಬೋಟು ಕಡಲಿಗೆ ಯೋಗ್ಯವಲ್ಲವೆಂದು ಮಾಲೀಕನಿಗೆ ತಿಳಿದಿತ್ತು ಎಂಬುದಕ್ಕೆ ಆ ವರದಿಯೇ ಸಾಕ್ಷಿಯಾಗುತ್ತದೆ. ದುರಸ್ತಿ ಮುಗಿದ ಮೇಲೆ ಬಿಲ್ಲು ಮತ್ತು ಫೋಟೋಗಳನ್ನು ಸರ್ವೇಯರನಿಗೂ ಕಂಪನಿಗೂ ಕಳುಹಿಸಿ.

ಅವಘಡವಾದಾಗ

ಜನರ ಜೀವ ಮೊದಲು. ಕರಾವಳಿ ರಕ್ಷಣಾ ಪಡೆಯ ಸಂಖ್ಯೆ 1554. ಆಮೇಲೆ ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ಮಾಲೀಕನ ಕರ್ತವ್ಯ. ಕಂಪನಿಗೆ ತಕ್ಷಣ ಬರಹದಲ್ಲಿ ತಿಳಿಸಿ, ಕರಾವಳಿ ಪೊಲೀಸ್ ಠಾಣೆ ಮತ್ತು ಮೀನುಗಾರಿಕೆ ಕಚೇರಿಯಲ್ಲಿ ದೂರು ದಾಖಲಿಸಿ, ಸರ್ವೇಯರ್ ಬರುವವರೆಗೆ ದುರಸ್ತಿ ಮಾಡದೆ ಬಿಡಬೇಕು. ಬೋಟೇ ಕಾಣೆಯಾದರೆ ಕಷ್ಟ ಬೇರೆಯದು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಮಂದಿಯೊಡನೆ ಹೊರಟ ಸುವರ್ಣ ತ್ರಿಭುಜ ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಕಡಲಿನಲ್ಲಿ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ನೋಡಲು ಬೋಟೇ ಇಲ್ಲದಂತಹ ಸಂದರ್ಭದಲ್ಲಿ, ಬೋಟು ಹೇಗಿತ್ತು, ಎಷ್ಟು ಬೆಲೆಬಾಳುತ್ತಿತ್ತು ಎಂದು ಹೇಳಲು ದಡದ ಮೇಲೆ ಉಳಿಯುವುದು ಹಿಂದಿನ ತಪಾಸಣೆಯ ವರದಿ. ಅದರ ಒಂದು ಪ್ರತಿಯನ್ನು ಬೋಟಿನ ಪೆಟ್ಟಿಗೆಯಲ್ಲಿಡದೆ ಮನೆಯಲ್ಲಿಡಿ ಎಂದು ನಾವು ಒತ್ತಿ ಹೇಳುವುದು ಇದಕ್ಕಾಗಿ.

ನಷ್ಟದ ಸರ್ವೇಯರನ ವರದಿಯ ಪ್ರತಿಯನ್ನು ಕೇಳಿ ಪಡೆಯಬಹುದು. ಕಂಪನಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ದೂರು ತಿರಸ್ಕೃತವಾದರೆ, ವರ್ಷದೊಳಗೆ ಕೊಚ್ಚಿಯಲ್ಲಿರುವ ವಿಮಾ ಒಂಬುಡ್ಸ್‌ಮನ್ನರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗದ ದಾರಿಯೂ ಇದೆ. ಕಾಗದಗಳನ್ನು ಓದಿಸಿಕೊಳ್ಳಲು ಮಕ್ಕಳ ಕೈಯಲ್ಲಿ ಶಾಲೆಗೆ ಕಳುಹಿಸುವುದಾದರೆ, ದಯವಿಟ್ಟು ಸಹಿ ಹಾಕುವ ಮೊದಲು ಕಳುಹಿಸಿ.